ಬದಲಿ ಬಾಯ್ಲರ್ ಆಪರೇಟರ್ ಮೀಮಾಂಸೆ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ ಯಾರು, ವಿಷಯ ಯಾವುದು, ಪ್ರಯೋಜನವೇನು ಎಂದು ಮೊದಲೇ ಹೇಳಿಬಿಡುವುದು ಹಿರಿಯರ ಪದ್ಧತಿ. ಈ ಶಾಸ್ತ್ರಕ್ಕೆ ಅಧಿಕಾರಿ, ತನ್ನ ಬಾಯ್ಲರ್ ಆಪರೇಟರು ನಿನ್ನೆ ರಾತ್ರಿಯ ಬಸ್ಸಿಗೆ ಊರಿಗೆ ಹೋಗಿಬಿಟ್ಟ ಅಕ್ಕಿ ಗಿರಣಿಯ ಧಣಿ. ವಿಷಯ, ಅವನ ಬದಲಿಗೆ ಬರಬೇಕಾದ ಸರ್ಟಿಫಿಕೇಟುಳ್ಳ ಮನುಷ್ಯ. ಪ್ರಯೋಜನ, ತೊಟ್ಟಿಯಲ್ಲಿ ನೆನೆಹಾಕಿದ ಭತ್ತ ಹುಳಿ ವಾಸನೆ ಹೊಡೆಯದಂತೆ ಕಾಯುವುದು. ಮೋಕ್ಷ ಈ ಶಾಸ್ತ್ರದ ವ್ಯಾಪ್ತಿಯಲ್ಲಿಲ್ಲ. ಆದರೆ ಅಲಕ್ಷ್ಯ ಮಾಡಿದವರಿಗೆ ಅದೂ ದಿಢೀರನೆ ಪ್ರಾಪ್ತವಾಗಬಹುದು.

ಕ್ಷೇತ್ರವಾಗಿ ಗಂಗಾವತಿ, ಕಾರಟಗಿ, ಸಿಂಧನೂರಿನ ಸೀಮೆಯನ್ನು ಆರಿಸಿಕೊಂಡಿದ್ದೇನೆ. ತುಂಗಭದ್ರೆಯ ಎಡದಂಡೆ ಕಾಲುವೆ ಇಲ್ಲಿ ಭತ್ತ ಬೆಳೆಸುತ್ತದೆ. ಭತ್ತದ ಹೊಟ್ಟು ಬಾಯ್ಲರಿನ ಒಲೆಗೆ ಬೀಳುತ್ತದೆ. ಒಲೆಯ ಸ್ಟೀಮು ಮತ್ತೆ ಭತ್ತವನ್ನೇ ಬೇಯಿಸಿ ಒಣಗಿಸುತ್ತದೆ. ಹೀಗೆ ತನ್ನ ಸಿಪ್ಪೆಯಿಂದ ತನ್ನನ್ನೇ ಬೇಯಿಸಿಕೊಳ್ಳುವ ಧಾನ್ಯ ಲೋಕದಲ್ಲಿ ಇನ್ನೊಂದಿದೆಯೇ ಎಂಬ ಚರ್ಚೆಗೆ ಇಲ್ಲಿ ಅವಕಾಶವಿಲ್ಲ.

ಮೊದಲು ಲಕ್ಷಣ ವಿಚಾರ. ಬಾಯ್ಲರ್ ಎಂದರೇನು? ತನ್ನ ಹೊರಗಿನ ಉಪಯೋಗಕ್ಕಾಗಿ ಒತ್ತಡದಲ್ಲಿ ಸ್ಟೀಮು ಹುಟ್ಟಿಸುವ ಪಾತ್ರೆ ಎನ್ನುತ್ತದೆ ಕಾನೂನು. 25 ಲೀಟರಿಗಿಂತ ಚಿಕ್ಕದು ಬಾಯ್ಲರಲ್ಲ. ಚದರ ಸೆಂಟಿಮೀಟರಿಗೆ 1 ಕಿಲೋಗಿಂತ ಕಡಿಮೆ ಒತ್ತಡದ್ದೂ ಅಲ್ಲ, ನೀರು 100 ಡಿಗ್ರಿ ಮುಟ್ಟದಿದ್ದರೆ ಅದೂ ಅಲ್ಲ. ಇಲ್ಲಿ ಪೂರ್ವಪಕ್ಷಿ ಎದ್ದು ನಿಂತು, ಹಾಗಾದರೆ ನಮ್ಮ ಮನೆಯ ಕುಕ್ಕರ್ ಏನು ಎಂದು ಕೇಳುತ್ತಾನೆ. ಸಿದ್ಧಾಂತ ಹೀಗೆ: ಕುಕ್ಕರ್ ಗಾತ್ರದಲ್ಲೂ ಸೋತಿತು, ಸ್ಟೀಮನ್ನು ಒಳಗೇ ಬಳಸಿಕೊಂಡು ಸ್ವಾರ್ಥದಲ್ಲೂ ಸೋತಿತು. ಆದ್ದರಿಂದ ಅದರ ಮುಂದೆ ನಿಂತು ಸೀಟಿ ಎಣಿಸುವವರಿಗೆ ಸರ್ಟಿಫಿಕೇಟ್ ಬೇಡ. ಗಮನಿಸಬೇಕಾದದ್ದೇನೆಂದರೆ, ಅವರು ತಪ್ಪದೆ ಎಣಿಸುತ್ತಾರೆ. ಸರ್ಟಿಫಿಕೇಟ್ ಕಡ್ಡಾಯವಾದ ಕಡೆ ಮಾತ್ರ ಎಣಿಸುವ ಕೆಲಸ ಸರ್ಟಿಫಿಕೇಟಿಗೇ ಬಿಟ್ಟದ್ದು ಎಂಬ ನಂಬಿಕೆ ಬಲವಾಗಿದೆ.

ಇನ್ನು ಇತಿಹಾಸ. 1863ರಲ್ಲಿ ಕಲ್ಕತ್ತೆಯಲ್ಲೊಂದು ಬಾಯ್ಲರ್ ಸಿಡಿದು ಜನ ಸತ್ತ ಮೇಲೆ, ಮರುವರ್ಷ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. ಬೇರೆ ಪ್ರಾಂತ್ಯಗಳು ತಮಗೆ ತೋಚಿದಂತೆ ತಮ್ಮ ತಮ್ಮ ಕಾನೂನು ಮಾಡಿಕೊಂಡವು. ಎಲ್ಲಕ್ಕೂ ಒಂದೇ ಅಳತೆಯೆಂದು 1923ರ ಕಾಯ್ದೆ ಬಂದು, ನೂರು ವರ್ಷ ದಾಟುವವರೆಗೂ ಆಳಿತು. ಈಗ ಅದರ ಗಾದಿಗೆ 2025ರ ಕಾಯ್ದೆ ಬಂದಿದೆ. ಗಿರಣಿಗಳ ಆಫೀಸಿನಲ್ಲಿ ಮಾತ್ರ ಇದಾವುದರ ಸುಳಿವಿಲ್ಲ. ಅಲ್ಲಿ ಕಾಲವನ್ನು ಇನ್‌ಸ್ಪೆಕ್ಟರ್ ಬರುವ ಮೊದಲು, ಬಂದು ಹೋದ ಮೇಲೆ ಎಂದು ಎರಡೇ ಯುಗಗಳಾಗಿ ವಿಂಗಡಿಸುತ್ತಾರೆ.

ಮನುಷ್ಯರಲ್ಲೂ ದರ್ಜೆಗಳುಂಟು. ಪರೀಕ್ಷೆ ಪಾಸಾದವನು ಎರಡನೇ ದರ್ಜೆಯ ಅಟೆಂಡೆಂಟ್, ಮೇಲೆ ಮೊದಲನೇ ದರ್ಜೆ. ಬಿಸಿಗೆ ಒಡ್ಡಿದ ಮೈ 1000 ಚದರ ಮೀಟರು ಮೀರಿದ ಬಾಯ್ಲರಿಗೆ ಆಪರೇಶನ್ ಎಂಜಿನಿಯರೇ ಬೇಕು. ಸಕ್ಕರೆ ಕಾರ್ಖಾನೆಯವರಿಗೆ ಈ ತಲೆನೋವು ಹಂಗಾಮಿನ ಜೊತೆಗೇ ಬರುತ್ತದೆ. ಕಬ್ಬು ನುರಿಸುವ ತಿಂಗಳುಗಳಲ್ಲಿ ಹಗಲು ರಾತ್ರಿ ಮೂರು ಪಾಳಿಗೂ ಜನ ಬೇಕು, ಹಂಗಾಮು ಮುಗಿದ ಮೇಲೆ ಯಾರೂ ಬೇಡ. ಅವರ ಕಥೆ ದೊಡ್ಡದು, ಅದಕ್ಕೆ ಬೇರೆ ಪಂಡಿತರಿದ್ದಾರೆ.

ಈಗ ಶಾಸ್ತ್ರದ ಗರ್ಭಗುಡಿಗೆ ಬರೋಣ. ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂದಿದೆ, ಕಾಯಂ ಆಪರೇಟರ್ ರಜೆ ಹಾಕಿದ್ದಾನೆ. ಧಣಿ ಲೇಬರ್ ಕಾಂಟ್ರಾಕ್ಟರಿಗೆ ಫೋನು ಮಾಡುತ್ತಾನೆ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆಯಲ್ಲೇ ಇಡೀ ದರ್ಶನ ಅಡಗಿದೆ.

“ಧಣ್ಯಾರ, ನಿಮಗ ಮನಷ್ಯಾ ಬೇಕೇನ್ರೀ, ಬರೇ ಸರ್ಟಿಫಿಕೇಟ್ ಸಾಕೇನ್ರೀ?”

“ಎರಡರಾಗ ಎಷ್ಟು ಫರಕ್ ಬರ್ತೈತಿ?”

“ಸರ್ಟಿಫಿಕೇಟ್ ಆದ್ರ ತಿಂಗಳ ಲೆಕ್ಕ, ಕಾಟ ಇಲ್ಲ. ಮನಷ್ಯಾ ಅಂದ್ರ ಊಟ, ವಸ್ತಿ, ಬಸ್ ಚಾರ್ಜು, ಎಲ್ಲಾ ನಿಮ್ಮ ಮ್ಯಾಲ.”

ಬಾಯ್ಲರನ್ನು ನಡೆಸುವುದು ದೇಹವೋ ಪತ್ರವೋ? ಪತ್ರವಾದಿಗಳ ವಾದ ಬಹಳ ಸೂಕ್ಷ್ಮವಾದದ್ದು. ಇನ್‌ಸ್ಪೆಕ್ಟರ್ ಕೇಳುವುದು ಪತ್ರವನ್ನು, ಕೇಳಿದ್ದನ್ನು ತೋರಿಸುವುದು ಧರ್ಮ, ಆದ್ದರಿಂದ ಪತ್ರವೇ ಆಪರೇಟರ್. ದೇಹಕ್ಕೆ ಹಸಿವು, ನಿದ್ದೆ, ಅಕ್ಕನ ಮಗಳ ಮದುವೆ. ಪತ್ರಕ್ಕೆ ಒಂದು ಮೊಳೆ ಸಾಕು. ಅಷ್ಟೇ ಅಲ್ಲ, ದೇಹ ಒಂದು ಕಾಲಕ್ಕೆ ಒಂದೇ ಕಡೆ ಇರುತ್ತದೆ. ಪತ್ರವಾದರೋ ಜೆರಾಕ್ಸಿನ ಕೃಪೆಯಿಂದ ಏಕಕಾಲಕ್ಕೆ ಮೂರು ಗಿರಣಿಗಳ ಗೋಡೆಯ ಮೇಲಿದ್ದು ಸರ್ವವ್ಯಾಪಿತ್ವವನ್ನು ಸಾಧಿಸುತ್ತದೆ. ಒಂದೇ ಫೋಟೋದಲ್ಲಿರುವ ಮೀಸೆಯ ಯುವಕ ಮೂರೂ ಕಡೆಯಿಂದ ಬಾಯ್ಲರನ್ನು ದಿಟ್ಟಿಸುತ್ತಿರುತ್ತಾನೆ. ಕೆಳಗೆ ನಿಜವಾಗಿ ಹೊಟ್ಟು ನೂಕುತ್ತಿರುವವನು ಇನ್ನೊಬ್ಬ. ಅವನಿಗೆ ಪರೀಕ್ಷೆಯೂ ಇಲ್ಲ, ಫೋಟೋವೂ ಇಲ್ಲ. ನಿನ್ನೆಯವರೆಗೆ ಚೀಲ ಹೊರುತ್ತಿದ್ದನು.

ದೇಹವಾದಿಗಳು ಅಲ್ಪಸಂಖ್ಯಾತರು. ಅವರ ಕಡೆ ಇರುವುದು ತರ್ಕವಲ್ಲ, ಬರೀ ಭೌತಶಾಸ್ತ್ರ. ಗೇಜಿನಲ್ಲಿ 7 ಕಿಲೋ ಒತ್ತಡ ತೋರಿಸುವಾಗ ಒಳಗಿನ ನೀರು 170 ಡಿಗ್ರಿ ಬಿಸಿಯಾಗಿರುತ್ತದೆ. ಅಷ್ಟು ಬಿಸಿಯಾದರೂ ಅದು ನೀರಾಗಿಯೇ ಉಳಿದಿರುವುದು ಒತ್ತಡದ ಭಯಕ್ಕೆ. ತಗಡು ಎಲ್ಲಾದರೂ ಬಿರಿದು ಒತ್ತಡ ಇಳಿಯಿತೆಂದರೆ ಅದರಲ್ಲೊಂದು ಪಾಲು ಕಣ್ಣು ಮಿಟುಕಿಸುವುದರೊಳಗೆ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೊರಗೆ ಹರಡಿದರೆ 1,600 ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಆ ಜಾಗವನ್ನು ಗೋಡೆ, ಛಾವಣಿ, ಪಕ್ಕದಲ್ಲಿ ನಿಂತವರು ಎನ್ನದೆ ಮಾಡಿಕೊಳ್ಳುತ್ತದೆ. ನೀರು ಟ್ಯೂಬುಗಳಿಗಿಂತ ಕೆಳಗಿಳಿದರೆ ಟ್ಯೂಬು ಕೆಂಪಗೆ ಕಾಯುತ್ತದೆ. ಆಗ ಗಾಬರಿಯಾದವನು ಓಡಿಹೋಗಿ ಫೀಡ್ ಪಂಪ್ ಚಾಲೂ ಮಾಡುತ್ತಾನೆ. ಮಾಡಬಾರದ ಕೆಲಸ ಅದೊಂದೇ. ಮೊದಲು ಬೆಂಕಿ ತೆಗೆಯಬೇಕು, ಕಾದ ಲೋಹಕ್ಕೆ ತಣ್ಣೀರು ತೋರಿಸಬಾರದು. ಪರೀಕ್ಷೆಯಲ್ಲಿ ಕೇಳುವುದು ಇಂಥದ್ದನ್ನೇ. ಗೋಡೆಯ ಮೇಲಿನ ಮೀಸೆಯ ಯುವಕನಿಗೆ ಉತ್ತರ ಗೊತ್ತು. ಆದರೆ ಅವನು ಗಾಜಿನ ಚೌಕಟ್ಟಿನೊಳಗಿದ್ದಾನೆ.

ಮುಂದಿನದು ಲಾಗ್‌ಶೀಟ್ ಪ್ರಕರಣ. ಗಂಟೆಗೊಮ್ಮೆ ಒತ್ತಡ, ನೀರಿನ ಮಟ್ಟ, ಬ್ಲೋ ಡೌನ್ ಮಾಡಿದ ಹೊತ್ತು ಬರೆಯಬೇಕಾದ ಹಾಳೆಯಿದು. ನಾನು ನೋಡಿದ ಒಂದು ಪ್ರತಿಯಲ್ಲಿ ಹಗಲಿರುಳು, ಮಳೆ ಬಿಸಿಲು, ಒಣ ಹೊಟ್ಟು ಹಸಿ ಹೊಟ್ಟು ಎಂಬ ಭೇದವಿಲ್ಲದೆ ಒತ್ತಡ 7, 7, 7 ಎಂದಿತ್ತು. ಸುಖದುಃಖಗಳಲ್ಲಿ ಇಷ್ಟು ಸಮಚಿತ್ತದ ಬಾಯ್ಲರ್ ಋಷಿಗಳಲ್ಲೂ ಅಪರೂಪ. ಅಕ್ಷರದ ವಾಲಿಕೆ, ಪೆನ್ನಿನ ಶಾಯಿ, ಪಕ್ಕದಲ್ಲಿ ಒತ್ತಿದ ಚಹಾ ಕಪ್ಪಿನ ವೃತ್ತ ಇವನ್ನು ತುಲನೆ ಮಾಡಿದರೆ, ಮುಂದಿನ ಶುಕ್ರವಾರದವರೆಗಿನ ಒತ್ತಡವನ್ನೂ ಸೋಮವಾರವೇ ಬರೆದಿಟ್ಟಿರುವುದು ಸಿದ್ಧವಾಗುತ್ತದೆ. ಇದು ಭವಿಷ್ಯಜ್ಞಾನ. ಪಂಚಾಂಗ ಕರ್ತರು ಗಮನಿಸಬೇಕು.

ಹಾಗೂ ಹೀಗೂ ಒಮ್ಮೆ ನಿಜವಾದ ಮನುಷ್ಯನೇ ಬಂದುಬಿಟ್ಟರೆ? ಆಗ ವೈಶೇಷಿಕರ ಸಮಸ್ಯೆ ಎದುರಾಗುತ್ತದೆ. ಸರ್ಟಿಫಿಕೇಟ್ ಕೊಡುವುದು ಬಾಯ್ಲರುಗಳ ಸಾಮಾನ್ಯ ಜ್ಞಾನವನ್ನು. ಎದುರಿಗಿರುವುದು ಈ ಒಂದು ಬಾಯ್ಲರ್, ತನ್ನದೇ ಚಾಳಿಗಳುಳ್ಳ ವಿಶೇಷ. ಅದನ್ನು ಬಲ್ಲವನು ಜಾತ್ರೆಯಲ್ಲಿದ್ದಾನೆ. ಜ್ಞಾನ ಹಸ್ತಾಂತರವಾಗುವುದು ಫೋನಿನಲ್ಲಿ, ಹಿಂದೆ ಮೈಕಿನ ಸದ್ದು, ಮಗುವಿನ ಪೀಪಿ: “ಫೀಡ್ ಪಂಪ್ ಒಮ್ಮೊಮ್ಮಿ ಗಾಳಿ ಹಿಡಿತೈತಿ, ಅಂಜಬ್ಯಾಡ್ರಿ, ಮ್ಯಾಲಿನ ಕಾಕ್ ಸಡ್ಲ ಮಾಡಿ ಗಾಳಿ ಬಿಡ್ರಿ. ಎಡಗಡೆ ಗೇಜ್ ಗ್ಲಾಸ್ ನಂಬಬ್ಯಾಡ್ರಿ. ಹಲೋ... ಹಲೋ...” ಎಡವೆಂದರೆ ಯಾರ ಎಡ, ಬಾಯ್ಲರಿನದೋ ನಿಂತವನದೋ? ಭಾಷ್ಯಕಾರರು ಇಲ್ಲಿ ಮೌನವಾಗಿದ್ದಾರೆ. ಒಂದು ಪೂರ್ತಿ ಪಾಳಿ ಇಬ್ಬರೂ ಜೊತೆಗೆ ನಿಂತು ತೋರಿಸಿಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ಬಾಯ್ಲರಿಗೆ ಇಬ್ಬರ ಪಗಾರ ಎಂಬ ಮಾತು ಕೇಳಿದರೆ ಧಣಿಯ ಒತ್ತಡ ಗೇಜು ದಾಟುತ್ತದೆ.

ಬದಲಿಯವನು ನಲವತ್ತರ ಆಸುಪಾಸಿನ ತೆಳ್ಳನೆಯ ಆಳು. ಬೆಳಗಿನ ಬಸ್ಸಿಗೆ ಬಂದು, ಕೈಚೀಲ ಇಡುವ ಮೊದಲೇ ಗೇಜ್ ಗ್ಲಾಸಿನ ಮುಂದೆ ನಿಂತ. ಗ್ಲಾಸಿನಲ್ಲಿ ಅರ್ಧದ ಮೇಲೆ ನೀರು ಕಾಣುತ್ತಿತ್ತು. ಉಳಿದವರಿಗೆ ಅದೇ ಸಾಕ್ಷಾತ್ಕಾರ. ಇವನು ಕೆಳಗಿನ ಡ್ರೇನ್ ಕಾಕ್ ತೆರೆದ. ನೀರು ಬುಸ್ಸೆಂದು ಹೋಗಿ ಗ್ಲಾಸು ಬರಿದಾಯಿತು. ಮುಚ್ಚಿದ. ದಾರಿ ಚೊಕ್ಕಟವಿದ್ದರೆ ನೀರು ಥಟ್ಟನೆ ಜಿಗಿದು ಮೇಲೆ ಬರಬೇಕು. ಇದು ಮುನಿಸಿಕೊಂಡವರಂತೆ ನಿಧಾನಕ್ಕೆ ಏರಿತು. ಒಳದಾರಿಯಲ್ಲಿ ಬೋರ್‌ವೆಲ್ ನೀರಿನ ಸುಣ್ಣ, ಕೆಸರು ಕಟ್ಟಿದೆ, ಈ ಗ್ಲಾಸು ತೋರಿಸುತ್ತಿರುವ ಮಟ್ಟ ನಿಜದ್ದಲ್ಲ ಎಂದರ್ಥ. ಆಮೇಲೆ ತಲೆಯೆತ್ತಿ ಸೇಫ್ಟಿ ವಾಲ್ವ್ ನೋಡಿದ. ಅದರ ಸನ್ನೆಗೆ ಸಹಜವಾದ ತೂಕದ ಜೊತೆಗೆ, ಬೈಂಡಿಂಗ್ ತಂತಿಯಲ್ಲಿ ಬಿಗಿದ ಹಳೆಯ ಪುಲ್ಲಿಯೊಂದು ನೇತಾಡುತ್ತಿತ್ತು.

“ಇದ್ಯಾಕ್ರೀ ಧಣ್ಯಾರ?”

“ಅದಿಲ್ಲಂದ್ರ ಸ್ಟೀಮ್ ಎಲ್ಲಾ ಮ್ಯಾಲ ಹೊಂಟ್ಹೋಕೈತೋ ತಮ್ಮಾ. ಹೊಟ್ಟು ಪುಕ್ಕಟ ಬರ್ತೈತೇನು?”

ಹೊಟ್ಟು ಅವರದೇ ಗಿರಣಿಯದು, ಆದ್ದರಿಂದ ಪುಕ್ಕಟೆಯೇ ಬರುತ್ತದೆ ಎಂಬ ಆಕ್ಷೇಪವನ್ನು ಅವನು ಎತ್ತಲಿಲ್ಲ. ಸೇಫ್ಟಿ ವಾಲ್ವ್ ಕೆಲಸ ಮಾಡದ ಹಾಗೆ ಕೈಯಾಡಿಸುವುದು ಜೈಲಿಗೆ ಕಳಿಸಬಲ್ಲ ಅಪರಾಧ ಎಂದೂ ಹೇಳಲಿಲ್ಲ. ಕಟಿಂಗ್ ಪ್ಲೇಯರ್ ತೆಗೆದು ತಂತಿ ಕತ್ತರಿಸಿ, ಪುಲ್ಲಿಯನ್ನು ಧಣಿಯ ಮೇಜಿನ ಮೇಲಿಟ್ಟ. ಬೆಂಕಿ ತಗ್ಗಿಸಿ, ಒಂದೊಂದೇ ಕಾಕ್ ತೆರೆದು ಗ್ಲಾಸಿನ ದಾರಿಗಳನ್ನು ತೊಳೆದ. ಬ್ಲೋ ಡೌನ್ ಕೊಟ್ಟಾಗ ಚರಂಡಿಗೆ ಹೋದ ನೀರು ಮಜ್ಜಿಗೆ ಬಣ್ಣದ್ದಾಗಿತ್ತು. ಅರ್ಧ ದಿನ ಭತ್ತ ಕಾಯಿತು. ಪತ್ರವಾದಿಗಳು ಇದೇ ಉದಾಹರಣೆಯನ್ನು ಎತ್ತಿಹಿಡಿದು, ನೋಡಿ, ದೇಹ ತರಿಸಿಕೊಂಡರೆ ಉತ್ಪಾದನೆ ನಷ್ಟ ಎಂದು ಇಂದಿಗೂ ವಾದಿಸುತ್ತಾರೆ.

ಹೊರಡುವ ದಿನ ಲೆಕ್ಕ ಚುಕ್ತಾ ಮಾಡುವಾಗ ಧಣಿ ಲಾಗ್‌ಶೀಟ್ ಮುಂದೆ ಹಿಡಿದ. ಬದಲಿಯವನ ಪಾಳಿಗಳಲ್ಲಿ ಅಂಕಿಗಳು 5, 6, 7, ಮತ್ತೆ 6 ಎಂದು ಏರಿಳಿದಿದ್ದವು. ಅವನು ಬರುವುದಕ್ಕೆ ಮುಂಚಿನ ನಾಲ್ಕು ದಿನ ಖಾಲಿ.

“ಇಷ್ಟು ತುಂಬಿ ಸಹಿ ಹಾಕಿ ಹೋಗಪಾ. ನಿಂದು ಸರ್ಟಿಫಿಕೇಟ್ ಐತಲ್ಲ.”

“ನಾ ಇದ್ದಿಲ್ರಿ.”

“ಖಾಲಿ ಬಿಟ್ರ ಇನ್‌ಸ್ಪೆಕ್ಟರ್ ಸಾಹೇಬ್ರಿಗೆ ಏನ್ ತೋರಸ್ಲಿ?”

“ಖಾಲಿ ಇದ್ದದ್ದನ್ನ ತೋರಸ್ರಿ.”

ಈ ಕೊನೆಯ ವಾಕ್ಯ ಸೀಮೆಯ ಬೇರೆ ಯಾವ ಗಿರಣಿಯ ಪ್ರತಿಯಲ್ಲೂ ಸಿಗುವುದಿಲ್ಲ. ಶೈಲಿಯೂ ಸಂಪ್ರದಾಯಕ್ಕೆ ಹೊಂದುವುದಿಲ್ಲ. ಆದ್ದರಿಂದ ಇದನ್ನು ಪ್ರಕ್ಷಿಪ್ತವೆಂದು ಪರಿಗಣಿಸಿ, ಮೂಲಪಾಠದಿಂದ ಕೈಬಿಡಬೇಕೆಂದು ಪತ್ರವಾದಿಗಳ ಅಭಿಪ್ರಾಯ.