ತರಬೇತಿಯಿತ್ತ ಮಹಾಶಯರಿಗೆ ಕೊಹೀರಿನ ಮಾಸ್ತರನ ಬಹಿರಂಗ ಪತ್ರ

ಸಮಾಜ ಪಾಠವನ್ನು ಕಲಿಸುವುದು ಹೇಗೆಂದು ನಮಗೆ ಕಲಿಸಿದ ಮಹಾಶಯರ ಸನ್ನಿಧಿಗೆ,

ಕೊಹೀರಿನ ಪ್ರಾಥಮಿಕ ಶಾಲೆಯ ಮಾಸ್ತರನೊಬ್ಬನ ವಿಜ್ಞಾಪನೆ. ತಾವು ಐದು ದಿನಗಳ ಪರ್ಯಂತ ನಮ್ಮನ್ನು ಕುಳ್ಳಿರಿಸಿ, ಸಮಾಜ ಪಾಠದ ಉದ್ದೇಶಗಳನ್ನೂ, ಉದ್ದೇಶಗಳ ಉಪೋದ್ದೇಶಗಳನ್ನೂ, ಅವನ್ನು ಬರೆಯತಕ್ಕ ಕೋಷ್ಟಕದ ಗೆರೆಗಳ ನಡುವಣ ಅಂತರವನ್ನೂ ಉಪದೇಶಿಸಿದ ಮೇಲೆ, ನಮ್ಮ ಅಜ್ಞಾನವು ಮೊದಲಿನಂತೆ ಚೆಲ್ಲಾಪಿಲ್ಲಿಯಾಗಿರದೆ ಅಚ್ಚುಕಟ್ಟಾಗಿ ಅಂಕಣಗಳಲ್ಲಿ ಹೊಂದಿಕೊಂಡು ಕುಳಿತಿದೆಯೆಂಬುದನ್ನು ಕೃತಜ್ಞತಾಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ.

ಸಮೀಪದಿಂದ ದೂರಕ್ಕೆ ಸಾಗಬೇಕು, ಮನೆಯಿಂದ ಊರಿಗೆ, ಊರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಎಂಬ ಮಹಾಸೂತ್ರವನ್ನು ತಾವು ಅನುಗ್ರಹಿಸಿದಿರಿ. ಸೂತ್ರವು ನಿರ್ದುಷ್ಟವಾದುದು, ದೋಷವೆಲ್ಲ ಕೊಹೀರಿನದು. ಹರ್ಬಾರ್ಟನ ಶಿಷ್ಯರು ಕಟ್ಟಿದ ಪಂಚಸೋಪಾನಗಳ ಮೊದಲನೆಯ ಮೆಟ್ಟಿಲ ಮೇಲೆ ಕಾಲಿಟ್ಟು, 'ನಮ್ಮ ಜಿಲ್ಲೆ' ಎಂಬ ಪಾಠದ ಪೀಠಿಕೆಯಾಗಿ, ನಿನ್ನ ಮುತ್ಯಾ ಹುಟ್ಟಿದ್ದು ಯಾವ ಜಿಲ್ಲೆಯಲ್ಲಿ ಎಂದು ಒಬ್ಬ ಹುಡುಗನನ್ನು ಕೇಳಿದೆನು.

"ಬೀದರ, ಸರ್."

"ಈಗ ಎಲ್ಲಿದ್ದಾರೆ?"

"ಸಂಗಾರೆಡ್ಡಿ ಜಿಲ್ಲಾ."

"ಯಾವಾಗ ಮನೆ ಬದಲಾಯಿಸಿದರು?"

"ಬದಲಾಯಿಸಿಲ್ಲ. ಹುಟ್ಟಿದ ಮನ್ಯಾಗೇ ಅದಾನ."

ನಿಜಾಮರ ಪ್ರಜೆಯಾಗಿ ಹುಟ್ಟಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಭಾರತದ ಪ್ರಜೆಯಾಗಿ, 1956ರ ನವೆಂಬರ್ 1ರಂದು ಬೀದರನ್ನು ಕಳೆದುಕೊಂಡು ಆಂಧ್ರಪ್ರದೇಶದ ಮೆದಕ ಜಿಲ್ಲೆಯವನಾಗಿ, 2014ರ ಜೂನ್ 2ರಂದು ತೆಲಂಗಾಣದವನಾಗಿ, 2016ರ ಅಕ್ಟೋಬರಿನಲ್ಲಿ ಸಂಗಾರೆಡ್ಡಿಯವನೂ ಆದ ಆ ವೃದ್ಧನು, ಇಷ್ಟೆಲ್ಲ ದೇಶಸಂಚಾರವನ್ನು ಕಟ್ಟೆಯ ಮೇಲಿನ ತನ್ನ ಕಂಬಳಿಯಿಂದ ಮೇಲೇಳದೆಯೇ ಪೂರೈಸಿದ್ದಾನೆ. ಇವನ ಹೆಂಡತಿಯ ತವರು ನಿರ್ಣಾ. ನಮ್ಮ ಜಹೀರಾಬಾದ ತಾಲ್ಲೂಕನ್ನು ಗಡಿಯ ಈಚೆಗೆ ಕೊಟ್ಟ 1956ರ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯು ನಿರ್ಣಾ ಸರ್ಕಲನ್ನು ಮಾತ್ರ ಆಚೆಗೆ ಉಳಿಸಿ, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲನ್ನು ಈಚೆಗೆ ಎಳೆದುಕೊಂಡಿತು. ನಾರಾಯಣಖೇಡವೂ ಬೀದರಿನಿಂದ ಬಂದಿತು, ತಾಂಡೂರು ಗುಲ್ಬರ್ಗೆಯಿಂದ. ಹೀಗಿರುತ್ತ, ಹುಡುಗನ ಅಜ್ಜಿಯ ತವರು ಸಮೀಪದ ಪಾಠವೋ ದೂರದ ಪಾಠವೋ ದಯಮಾಡಿ ಅಪ್ಪಣೆಯಾಗಬೇಕು. ಕೊಹೀರ್ ಡೆಕ್ಕನ್ ನಿಲ್ದಾಣದಲ್ಲಿ ಹತ್ತಿದರೆ ಜಹೀರಾಬಾದನ್ನು ದಾಟಿ ಬೀದರದಲ್ಲಿಳಿಯಬಹುದು. ಆದರೂ ಸೂತ್ರದ ಪ್ರಕಾರ ಬೀದರದ ಕೋಟೆ ಅನ್ಯರಾಜ್ಯದ್ದು, ಬಹುದೂರದ ಗೋಲ್ಕೊಂಡವು ಸ್ವಗೃಹದ್ದು.

ತಾವು ಹಂಚಿದ ನಮೂನೆಯಲ್ಲಿ 'ಮನೆಮಾತು' ಎಂಬುದಕ್ಕೆ ಒಂದೇ ಅಂಕಣವಿದ್ದಿತು. ತಾಯಿಯೊಡನೆ ಕನ್ನಡವನ್ನೂ, ಪುಸ್ತಕದಲ್ಲಿ ತೆಲುಗನ್ನೂ, ಸಂತೆಯಲ್ಲಿ ಉರ್ದುವನ್ನೂ, ತಾಂಡಾದ ಗೆಳೆಯನೊಡನೆ ಲಂಬಾಣಿಯನ್ನೂ ಆಡುವ ಮಗುವನ್ನು ಆ ಅಂಕಣದೊಳಗೆ ತುರುಕಲು ಎಷ್ಟು ಪ್ರಯತ್ನಿಸಿದರೂ ಒಂದು ಕಾಲು ಹೊರಗೇ ಉಳಿಯಿತು. ಸಂವಿಧಾನದ ಪೀಠಿಕೆಯನ್ನು ತಾವು ನಮ್ಮಿಂದ ನಿತ್ಯವೂ ಹೇಳಿಸಿದಿರಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ 350ಎ ವಿಧಿಯು, ನಮ್ಮ ಗಡಿ ಸರಿದ ಆ 1956ರಲ್ಲಿಯೇ ಸೇರಿದುದಾದರೂ, ಬಹುಶಃ ಊಟದ ವಿರಾಮದಲ್ಲಿ ಬಂದು ಹೋಗಿರಬೇಕು.

ಕಡೆಯ ದಿನದ ಪಾಠ 'ಸ್ಥಳೀಯ ಬೆಳೆಗಳು'. ಪಟದಲ್ಲಿ ತೆಂಗೂ ಅಡಿಕೆಯೂ ಇದ್ದವು. ನಾವು ತಾಂಡೂರಿನ ತೊಗರಿಯನ್ನೂ ಕೊಹೀರಿನ ಪೇರಲವನ್ನೂ ಮರೆತು, ತೆಂಗಿನ ಉಪಯೋಗಗಳನ್ನು ಗುಂಪುಗಳಲ್ಲಿ ಚರ್ಚಿಸಿ, ಒಮ್ಮತಕ್ಕೆ ಬಂದು, ಚಪ್ಪಾಳೆ ತಟ್ಟಿದೆವು. ಅನಂತರ ತಾವು ಹೊರಗಿನ ರಸ್ತೆಯಲ್ಲಿ ಪೇರಲ ಮಾರುವ ಮುದುಕಿಯೊಡನೆ ಚೌಕಾಸಿಗಿಳಿದುದನ್ನು ನಾನು ಕಿಟಕಿಯಿಂದ ಕಂಡೆನು. ಆಕೆ ಬೆಲೆಯನ್ನು ತೆಲುಗಿನಲ್ಲಿ ಹೇಳಿ, ಉರ್ದುವಿನಲ್ಲಿ ಇಳಿಸಿ, ತಮ್ಮನ್ನು ಕನ್ನಡದಲ್ಲಿ ಬೈದಳು.

ಇತಿ ತಮ್ಮ ವಿಧೇಯ ಶಿಷ್ಯ.

ವಿ.ಸೂ.: ತೂಕ ಸರಿಯಾಗಿದ್ದಿತೆ?