ಕಂಪನಿ ಹೋಯ್ತು, ಶೆಡ್ ಉಳೀತು

ಕರೆಂಟು ಹೋಗಿ ಲೇತ್ ನಿಂತ ಮಧ್ಯಾಹ್ನ ಪೀಣ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರಿಂದ ನೇರಳೆಗೆ ಹಾರಿ, ಎಂ.ಜಿ. ರಸ್ತೆಯಲ್ಲಿ ಇಳಿದೆ. ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ತೂಕಡಿಸುತ್ತಿತ್ತು. ನನ್ನ ಉಗುರು ಸಂದಿಯ ಗ್ರೀಸು ನೋಡಿ ಅದೇ ಮೊದಲು ಬಾಯಿಬಿಟ್ಟಿತು.

ಚರ್ಚು: ಎಲ್ಲಿ ಕೆಲಸ?

ನಾನು: ಪೀಣ್ಯದ ಕಂಪನೀಲಿ.

ಚರ್ಚು: ನಾನೂ ಕಂಪನಿಯದೇ. ಈಸ್ಟ್ ಇಂಡಿಯಾ! ಮದ್ರಾಸ್ ಸೈನ್ಯದ ದೊರೆಗಳ ಪ್ರಾರ್ಥನೆಗೆ ಅಂತ ಕಟ್ಟಿದ್ದು. 1808ರಲ್ಲಿ ತಳಪಾಯ, 1812ಕ್ಕೆ ಕಟ್ಟಡ ರೆಡಿ, 1816ರಲ್ಲಿ ಪ್ರತಿಷ್ಠೆ.

ನಾನು: ನಾಲ್ಕು ವರ್ಷ ಇನ್‌ಸ್ಪೆಕ್ಷನ್ ಪೆಂಡಿಂಗಾ?

ಚರ್ಚು: ಸಹಿ ಹಾಕೋ ಬಿಷಪ್ಪರು ಕಲ್ಕತ್ತಾದಲ್ಲಿ, ಇಡೀ ದೇಶಕ್ಕೆ ಒಬ್ಬರೇ. ಅವರೂ ಬಂದಿದ್ದು 1814ರಲ್ಲಿ. ನಾನು ತಯಾರಾದಾಗ ಆ ಪೋಸ್ಟೇ ಇರಲಿಲ್ಲ ಮಾರಾಯ.

ನಾನು: 1923ರಲ್ಲಿ ನಿಮಗೆ ಬೆಂಕಿ ಬಿದ್ದಿತ್ತಲ್ಲ... ಶಾರ್ಟ್ ಸರ್ಕ್ಯೂಟಾ?

ಚರ್ಚು: ಇನ್ಶೂರೆನ್ಸ್ ಸರ್ವೇಯರ್ ಥರ ಕೇಳಬೇಡ. ಸುಟ್ಟಿತು, 1927ಕ್ಕೆ ಮತ್ತೆ ಎದ್ದು ನಿಂತೆ. ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಅಚ್ಚು. ಬೆಂಕಿಗೂ ಮುಂಚೆಯೇ ಕಂಪನಿ ಮುಚ್ಚಿತ್ತು, ರಾಣಿ ಸರ್ಕಾರ ಬಂದಿತ್ತು. 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಸೇರಿದೆ. ಮಾಲೀಕರು ಬದಲಾಗ್ತಾರೆ, ಶೆಡ್ ಇರುತ್ತೆ. ಪೀಣ್ಯದವನಿಗೆ ಇದು ಹೇಳಬೇಕಾ?

ನಾನು: ಈಗೇನು ರಿಪೇರಿ ಮಾಡಿಸ್ತೀರಿ?

ಚರ್ಚು: ಹಳೇ ಗೋಡೆಗೆ ಸಿಮೆಂಟು ಮೆತ್ತೋರನ್ನ ಒಳಗೆ ಬಿಡಬಾರದು. ಸುಣ್ಣದ ಗಾರೆ ಉಸಿರಾಡುತ್ತೆ, ನೀರು ಹೀರಿ ಹೊರಗೆ ಬಿಡುತ್ತೆ. ಸಿಮೆಂಟು ತೇವವನ್ನ ಒಳಗೇ ಕೂಡಿಹಾಕುತ್ತೆ, ಅಡ್ವಾನ್ಸ್ ಕೂಡಿಹಾಕೋ ಮನೆ ಓನರ್ ಥರ. ಸರಿ, ನಿಮ್ಮ ಪೀಣ್ಯದ ತುಮಕೂರು ರಸ್ತೆ ಮೇಲ್ಸೇತುವೆ ಹೇಗಿದೆ?

ನಾನು: 2010ರಲ್ಲಿ ಶುರುವಾಗಿದ್ದು. 2021ರ ಡಿಸೆಂಬರಿನಲ್ಲಿ 102, 103ನೇ ಕಂಬಗಳ ನಡುವೆ ಕೇಬಲ್ ತುಕ್ಕು ಹಿಡಿದು ಬಂದ್ ಮಾಡಿದ್ರು.

ಚರ್ಚು: ಬೆಂಕಿ ಬಿದ್ದಿತ್ತಾ?

ನಾನು: ಇಲ್ಲ.

ಚರ್ಚು: ಹನ್ನೊಂದು ವರ್ಷ! ಆ ವಯಸ್ಸಿಗೆ ನಮ್ಮಲ್ಲಿ ಮಕ್ಕಳಿಗೆ ಸಭೆಗೆ ಪೂರ್ತಿ ಸೇರಿಸಿಕೊಳ್ಳೋ ದೃಢೀಕರಣ ಕೂಡ ಆಗಿರಲ್ಲ.

ನಾನು: ಸ್ಪ್ಯಾನಿಗೆ ಎರಡರಂತೆ ಹೊಸ ಕೇಬಲ್ ಎಳೆದು 2024ರ ಜುಲೈನಲ್ಲಿ ಲಾರಿ ಬಿಟ್ಟರು. ಶುಕ್ರವಾರ ಮಾತ್ರ ಇಲ್ಲ ಅಂದರು.

ಚರ್ಚು (ಬಹಳ ಹೊತ್ತು ಯೋಚಿಸಿ): ವಾರಕ್ಕೊಂದು ದಿನ ಸಬ್ಬತ್ತು? ಅದು ಯಾವ ಸಭೆಯದಪ್ಪಾ?