ಸಾಲ್ಮೊನೆಲ್ಲಾ ಕುಲದ ವಕ್ತಾರರ ಸ್ಪಷ್ಟೀಕರಣ

ಕಲುಷಿತ ಆಹಾರದೊಂದಿಗೆ ಹೊಟ್ಟೆ ಸೇರಿ ಭೇದಿ, ಜ್ವರಗಳನ್ನು ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕುಲದ ವಕ್ತಾರರು, ಆಂಟಿಬಯೋಟಿಕ್ ಮಾತ್ರೆಗಳ ಸೇವನೆಯಿಂದ ಆಗಷ್ಟೇ ಬರಿದಾಗಿದ್ದ ಒಂದು ದೊಡ್ಡ ಕರುಳಿನಲ್ಲಿ ನೀಡಿದ ಸಂದರ್ಶನದ ಪಾಠವಿದು. ವಕ್ತಾರರು ಉದ್ದಕ್ಕೂ ‘ಈ ಕುಲ’ ಎಂದೇ ಮಾತನಾಡಿದರು. ಹೊಣೆಯು ಯಾರ ತಲೆಗೂ ಬಾರದಂತೆ ವಾಕ್ಯ ಕಟ್ಟುವ ಈ ವಿದ್ಯೆಯನ್ನು ಅವರು ಯಾವ ಕಚೇರಿಯಲ್ಲಿ ಕಲಿತರೋ ತಿಳಿಯದು.

ಪ್ರಶ್ನೆ: ತಮ್ಮ ಕುಲದ ಮೇಲೆ ಅತಿಕ್ರಮಣದ ಆರೋಪವಿದೆಯಲ್ಲ?

ಉತ್ತರ: ಆರೋಪವು ನಿರಾಧಾರ. ಆರೋಗ್ಯವಂತ ಕರುಳಿನ ಹಳೆಯ ನಿವಾಸಿ ಬ್ಯಾಕ್ಟೀರಿಯಾಗಳು ಆಹಾರವನ್ನೆಲ್ಲ ತಾವೇ ತಿಂದು ಮುಗಿಸುವುದರಿಂದ ಹೊರಗಿನವರಿಗೆ ಕಾಲೂರಲು ಎಡೆಯೇ ಇರುವುದಿಲ್ಲ. ವಿಜ್ಞಾನಿಗಳು ಇದನ್ನು ನೆಲೆಯೂರುವಿಕೆಗೆ ಪ್ರತಿರೋಧ ಎನ್ನುತ್ತಾರೆ. ಇಲಿಗಳಲ್ಲಿ ಸೋಂಕು ಹುಟ್ಟಿಸಲು ಸುಮಾರು 1,00,000 ಸಾಲ್ಮೊನೆಲ್ಲಾ ಕೋಶಗಳು ಬೇಕಿದ್ದಲ್ಲಿ, ಮೊದಲೇ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟಿದ್ದರೆ 10ಕ್ಕಿಂತ ಕಡಿಮೆ ಸಾಕಾಗುತ್ತವೆಂದು ಬೋನ್‌ಹಾಫ್ ಮತ್ತು ಮಿಲ್ಲರ್ ಎಂಬ ಸಂಶೋಧಕರು 1962ರಷ್ಟು ಹಿಂದೆಯೇ ತೋರಿಸಿದ್ದಾರೆ. ಸ್ಟ್ರೆಪ್ಟೊಮೈಸಿನ್ ಕೊಟ್ಟದ್ದು ಈ ಕುಲವಲ್ಲ ಎಂಬುದು ದಾಖಲೆಯಲ್ಲಿರಲಿ.

ಪ್ರಶ್ನೆ: ಹಾಗೆ ಬರಿದಾದ ಕರುಳಿನಲ್ಲಿ ತಮಗೆ ಆಹಾರವಾಗಿ ಸಿಗುವ ಸಕ್ಕರೆ ಯಾವುದು? ಕಾಫಿಗೆ ಹಾಕಿದ್ದೇ?

ಉತ್ತರ: ಅದರ ಬಹುಭಾಗವು ಸಣ್ಣ ಕರುಳಿನಲ್ಲಿಯೇ ರಕ್ತ ಸೇರಿಬಿಡುತ್ತದೆ. ದೊಡ್ಡ ಕರುಳಿನ ಒಳಗೋಡೆಯನ್ನು ಹೊದ್ದಿರುವ ಲೋಳೆಯಲ್ಲಿ ಮ್ಯೂಸಿನ್ ಎಂಬ ಪ್ರೋಟೀನ್ ಇದ್ದು, ಅದರ ಮೈಯಿಂದ ಸಕ್ಕರೆಯ ಸರಪಳಿಗಳು ಚಾಚಿಕೊಂಡಿರುತ್ತವೆ. ಅವುಗಳ ತುದಿಗಳಲ್ಲಿ ಸಿಯಾಲಿಕ್ ಆಮ್ಲ ಮತ್ತು ಫ್ಯೂಕೋಸ್ ಎಂಬ ಸಕ್ಕರೆಗಳಿರುತ್ತವೆ. ಅಂದರೆ ಮನೆಯ ಯಜಮಾನನು ಸಕ್ಕರೆ ಬಿಟ್ಟು ವ್ರತ ಹಿಡಿದರೂ ಗೋಡೆಯೇ ಸಿಹಿಯಾಗಿರುತ್ತದೆ.

ಪ್ರಶ್ನೆ: ಆ ಸರಪಳಿಯನ್ನು ತಾವೇ ಕತ್ತರಿಸುವಿರೋ?

ಉತ್ತರ: ಈ ಕುಲದ ಕೈ ಶುದ್ಧ. ಬ್ಯಾಕ್ಟೀರಾಯ್ಡಿಸ್ ಥೀಟಯೋಟಾವೋಮೈಕ್ರಾನ್ ಎಂಬ ಗೌರವಾನ್ವಿತ ನಿವಾಸಿಯು ಸಿಯಾಲಿಡೇಸ್ ಎಂಬ ಕಿಣ್ವದಿಂದ ತುದಿಯ ಸಿಯಾಲಿಕ್ ಆಮ್ಲವನ್ನು ಕತ್ತರಿಸಿ ಹಾಕುತ್ತದೆ. ಆದರೆ ಅದನ್ನು ಜೀರ್ಣಿಸುವ ಜೀನ್‌ಗಳು ಅದಕ್ಕಿಲ್ಲವಾದ್ದರಿಂದ ಒಳಗಿನ ಸಕ್ಕರೆಗಳನ್ನಷ್ಟೇ ತಿಂದು ತುದಿಯನ್ನು ಬಿಟ್ಟುಬಿಡುತ್ತದೆ. ಸಾಮಾನ್ಯ ದಿನಗಳಲ್ಲಿ ನೆರೆಹೊರೆಯವರು ಅದನ್ನು ಬಳಿದು ತಿನ್ನುತ್ತಾರೆ. ಆಂಟಿಬಯೋಟಿಕ್ ಬಂದು ನೆರೆಹೊರೆ ಖಾಲಿಯಾದಾಗ ಅದು ರಾಶಿ ಬೀಳುತ್ತದೆ. ವ್ಯರ್ಥವಾಗುವುದನ್ನು ಈ ಕುಲವು ಸದ್ವಿನಿಯೋಗ ಮಾಡುತ್ತದೆ.

ಸದ್ವಿನಿಯೋಗವೆಂಬ ಮಾತು ವಕ್ತಾರರದು. ಈ ಉತ್ತರದ ಉಳಿದ ವಿವರವೆಲ್ಲ 2013ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಮೇಲಿನ ಪ್ರಯೋಗಗಳಿಂದ ಪ್ರಕಟಿಸಿದ್ದೇ ಆಗಿದೆ. ಸಿಯಾಲಿಡೇಸ್ ಇಲ್ಲದ ಬ್ಯಾಕ್ಟೀರಾಯ್ಡಿಸ್ ತಳಿಯನ್ನು ನೆಲೆಗೊಳಿಸಿದ ಇಲಿಗಳಲ್ಲಿ, ಇದೇ ಉಳಿಕೆಯನ್ನು ನೆಚ್ಚಿದ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಇನ್ನೊಂದು ರೋಗಾಣುವು ಅಷ್ಟಾಗಿ ಹೆಚ್ಚಲಿಲ್ಲ. ಡಿಫಿಸಿಲ್‌ನ ಉಲ್ಲೇಖ ಬಂದಾಗ ವಕ್ತಾರರು ಆ ಸಂಸ್ಥೆಯೊಂದಿಗೆ ಈ ಕುಲಕ್ಕೆ ಯಾವುದೇ ಸಂಬಂಧವಿಲ್ಲವೆಂದರು.

ಪ್ರಶ್ನೆ: ಉಳಿಕೆ ತಿಂದು ತೃಪ್ತರಾಗುವವರು ಕರುಳಿಗೆ ಉರಿಯೂತ ತರುವುದೇಕೆ?

ಉತ್ತರ: ಉಳಿಕೆ ಎಷ್ಟು ದಿನ ಬಂದೀತು? ಹಳೆಯ ನಿವಾಸಿಗಳು ಮರಳಿದರೆ ಈ ಕುಲವು ಬೀದಿಗೆ ಬೀಳುತ್ತದೆ. ಉರಿಯೂತವುಂಟಾದಾಗ ದೇಹದ ರಕ್ಷಣಾ ಕೋಶಗಳು ಹೊರಸೂಸುವ ಆಮ್ಲಜನಕದ ತೀಕ್ಷ್ಣ ಸಂಯುಕ್ತಗಳು ಕರುಳಿನ ಗಂಧಕದ ಸಂಯುಕ್ತವೊಂದನ್ನು ಟೆಟ್ರಾಥಯೋನೇಟ್ ಆಗಿ ಮಾರ್ಪಡಿಸುತ್ತವೆ. ಈ ಕುಲವು ಅದನ್ನು ಆಮ್ಲಜನಕಕ್ಕೆ ಬದಲಾಗಿ ಬಳಸಿ ಉಸಿರಾಡುತ್ತದೆ, ಹುದುಗುವಿಕೆಯನ್ನೇ ನಂಬಿ ಬದುಕುವ ನಿವಾಸಿಗಳಿಗೆ ಆ ಸೌಲಭ್ಯವಿಲ್ಲ. ರೋಗಿಯ ಸಂಕಟದ ಬಗ್ಗೆ ಈ ಕುಲಕ್ಕೆ ವಿಷಾದವಿದೆ.

ಪ್ರಶ್ನೆ: ಸಾರ್ವಜನಿಕರಲ್ಲಿ ಮನವಿಯೇನಾದರೂ ಇದೆಯೇ?

ಉತ್ತರ: ವೈರಸ್ಸಿನಿಂದ ಬರುವ ನೆಗಡಿಗೂ ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವ ಪದ್ಧತಿಯನ್ನು ಯಥಾಸ್ಥಿತಿಯಲ್ಲಿ ಮುಂದುವರಿಸಬೇಕೆಂಬುದು ಈ ಕುಲದ ವಿನಮ್ರ ಕೋರಿಕೆ.